ಹದಿಮೂರು ಡಿಗ್ರಿಯ ವ್ಯತ್ಯಾಸ: ಲಾಸ್ ಗ್ಯಾಟೋಸ್ ತೊರೆಯ ದಂಡೆಯಲ್ಲೊಂದು ಹುಡುಕಾಟ

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ಬೆಟ್ಟಗಳಲ್ಲಿ ಹುಟ್ಟಿ, ಲೆಕ್ಸಿಂಗ್ಟನ್ ಜಲಾಶಯದಲ್ಲಿ ತಂಗಿ, ಅಲ್ಲಿಂದ ಲಾಸ್ ಗ್ಯಾಟೋಸ್ ಮತ್ತು ಕ್ಯಾಂಪ್‌ಬೆಲ್ ಪಟ್ಟಣಗಳನ್ನು ಹಾದು ಸ್ಯಾನ್ ಹೋಸೆ ನಗರದ ನಡುವೆ ಗ್ವಾಡಲೂಪೆ ನದಿಯನ್ನು ಸೇರುವ ತೊರೆಯೇ ಲಾಸ್ ಗ್ಯಾಟೋಸ್ ಕ್ರೀಕ್. ಅದರ ದಂಡೆಯುದ್ದಕ್ಕೂ ನಡೆಯುವವರಿಗೂ ಸೈಕಲ್ ಸವಾರರಿಗೂ ಒಂದು ದಾರಿ ಇದೆ. ಕೆಲಸದ ನಿಮಿತ್ತ ಈ ಕಣಿವೆಗೆ ಬಂದು ನೆಲೆಸಿದ ಮೇಲೆ ನಾನು ಆ ದಾರಿಯಲ್ಲಿ ನೂರಾರು ಸಲ ನಡೆದಿದ್ದರೂ, ಏಪ್ರಿಲ್ ತಿಂಗಳ ಒಂದು ಶನಿವಾರ ನಾಲ್ಕು ಹಂತಗಳ ಜಿಯೋಕ್ಯಾಶ್ ಒಂದನ್ನು (ಹವ್ಯಾಸಿಗಳು ಒಬ್ಬರಿಗೊಬ್ಬರು ಹುಡುಕಲೆಂದು ಬಚ್ಚಿಟ್ಟು, ಸ್ಥಳದ ಸುಳಿವನ್ನು ಪ್ರಕಟಿಸುವ ಡಬ್ಬಿ) ಹುಡುಕಿಕೊಂಡು ಹೊರಟ ದಿನ ಅದನ್ನು ನೋಡಿದಷ್ಟು ನಿಧಾನವಾಗಿ ಹಿಂದೆಂದೂ ನೋಡಿರಲಿಲ್ಲ.

ಸಾಮಾನ್ಯ ಕ್ಯಾಶ್‌ನಲ್ಲಿ ಅಕ್ಷಾಂಶ ಮತ್ತು ರೇಖಾಂಶವನ್ನು ನೇರವಾಗಿ ಕೊಟ್ಟಿರುತ್ತಾರೆ. ಅಲ್ಲಿಗೆ ಹೋಗಿ ಡಬ್ಬಿಯನ್ನು ಹುಡುಕಿ, ಒಳಗಿನ ಲಾಗ್ ಹಾಳೆಯಲ್ಲಿ ಹೆಸರು ಬರೆದು, ಇದ್ದ ಹಾಗೆಯೇ ಇಟ್ಟು ಬರಬೇಕು. ಮಲ್ಟಿ-ಕ್ಯಾಶ್ ಹಾಗಲ್ಲ. ಅಲ್ಲಿ ಮೊದಲ ಹಂತದ ಸ್ಥಳ ಮಾತ್ರ ಗೊತ್ತಿರುತ್ತದೆ. ಅಲ್ಲಿ ಸಿಗುವ ಸುಳಿವಿನಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಕಂಡುಕೊಳ್ಳಬೇಕು. ಆದ್ದರಿಂದ ಒಂದು ಹಂತದಲ್ಲಿ ಮಾಡಿದ ತಪ್ಪು ಅಲ್ಲಿಗೇ ನಿಲ್ಲದೆ ಮುಂದಿನ ಹಂತಕ್ಕೂ ಬರುತ್ತದೆ.

ನಮ್ಮ ಮೊದಲ ಹಂತ ಫೋರ್ಬ್ಸ್ ಗಿರಣಿಯ ಬಳಿ ಇತ್ತು. ಜೇಮ್ಸ್ ಅಲೆಕ್ಸಾಂಡರ್ ಫೋರ್ಬ್ಸ್ ಎಂಬವರು 1854ರಲ್ಲಿ ಇಲ್ಲಿ ನಾಲ್ಕು ಅಂತಸ್ತಿನ ಹಿಟ್ಟಿನ ಗಿರಣಿ ಕಟ್ಟಿಸಿದರು. ಅದರ ಸುತ್ತ ಬೆಳೆದ ಊರೇ ಇಂದಿನ ಲಾಸ್ ಗ್ಯಾಟೋಸ್. ಗಿರಣಿಗೆ ಸೇರಿದ ಕಲ್ಲಿನ ಕಟ್ಟಡವೊಂದು ಈಗಲೂ ಉಳಿದಿದೆ, ಅದು ಕ್ಯಾಲಿಫೋರ್ನಿಯಾ ರಾಜ್ಯದ 458ನೆಯ ಐತಿಹಾಸಿಕ ಸ್ಮಾರಕ. ಅಲ್ಲಿನ ಫಲಕದಿಂದ ಕೆಲವು ಅಂಕೆಗಳನ್ನು ತೆಗೆದುಕೊಂಡು, ಕೂಡಿ ಕಳೆದು, ಮುಂದಿನ ಸ್ಥಳದ ಅಕ್ಷಾಂಶ ರೇಖಾಂಶಗಳ ಕೊನೆಯ ಮೂರು ಮೂರು ಸ್ಥಾನಗಳನ್ನು ತುಂಬಬೇಕಿತ್ತು. ಯಾವ ಅಂಕೆ ಎಲ್ಲಿಗೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇನ್ನೊಬ್ಬರ ಹುಡುಕಾಟದ ಸಂತೋಷವನ್ನು ಕಸಿಯುವುದು ಈ ಹವ್ಯಾಸದಲ್ಲಿ ಸಲ್ಲದು.

ಇಂಥ ಕಡೆ ನಾನೂ ನನ್ನ ಪತ್ನಿಯೂ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಇಬ್ಬರೂ ಫಲಕವನ್ನು ಬೇರೆ ಬೇರೆಯಾಗಿ ಓದಿ, ಬೇರೆ ಬೇರೆ ಕಾಗದದಲ್ಲಿ ಲೆಕ್ಕ ಮಾಡಿ, ಆಮೇಲೆ ಹೋಲಿಸಿ ನೋಡುತ್ತೇವೆ. ಕ್ಯಾಶ್ ಇಟ್ಟವರು ಉತ್ತರದ ಅಂಕೆಗಳೆಲ್ಲದರ ಮೊತ್ತ ಎಷ್ಟಾಗಬೇಕು ಎಂಬುದನ್ನೂ ವಿವರಣೆಯಲ್ಲಿ ಕೊಟ್ಟಿದ್ದರು, ಅದೂ ತಾಳೆಯಾಯಿತು. ಇಷ್ಟು ಎಚ್ಚರಿಕೆ ಏಕೆಂದರೆ, ಅಕ್ಷಾಂಶದ ಮಿನಿಟಿನಲ್ಲಿ ದಶಮಾಂಶದ ಮೂರನೆಯ ಸ್ಥಾನ ಒಂದು ಅಂಕೆ ತಪ್ಪಿದರೆ ಸುಮಾರು 1.85 ಮೀಟರ್ ಮಾತ್ರ ಸರಿಯುತ್ತೇವೆ, ಅದು ಕಣ್ಣಿಗೆ ನಿಲುಕುವ ದೂರ. ಎರಡನೆಯ ಸ್ಥಾನ ತಪ್ಪಿದರೆ 18.5 ಮೀಟರ್, ಮೊದಲನೆಯದು ತಪ್ಪಿದರೆ 185 ಮೀಟರ್. ರೇಖಾಂಶದಲ್ಲಿ ಇದು ಸ್ವಲ್ಪ ಕಡಿಮೆ: ಇಲ್ಲಿನ 37 ಡಿಗ್ರಿ ಅಕ್ಷಾಂಶದಲ್ಲಿ ಮೂರನೆಯ ಸ್ಥಾನದ ಒಂದು ಅಂಕೆ ಎಂದರೆ ಸುಮಾರು ಒಂದೂವರೆ ಮೀಟರ್.

ಎರಡನೆಯ ಹಂತ ಬೇಗ ಸಿಕ್ಕಿತು. ದಾರಿಯ ಪಕ್ಕದಲ್ಲಿ, ಹೆದ್ದಾರಿ 17ರ ಸದ್ದು ಎಡೆಬಿಡದೆ ಕೇಳುವ ಕಡೆ, ಬೆರಳುದ್ದದ ಒಂದು ಕೊಳವೆ ಅಯಸ್ಕಾಂತದಿಂದ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಒಳಗಿನ ಸುರುಳಿ ಕಾಗದ ತೇವ ಹಿಡಿದಿದ್ದರೂ ಓದಲು ಬರುತ್ತಿತ್ತು. ಅದರಲ್ಲಿ ವಸೋನಾ ಉದ್ಯಾನದ ಒಂದು ಬಿಂದುವಿನ ಅಕ್ಷಾಂಶ ರೇಖಾಂಶವಿತ್ತು. ಅದರ ಕೆಳಗೆ, ಆ ಬಿಂದುವಿನಿಂದ 142 ಡಿಗ್ರಿ ದಿಕ್ಕಿನಲ್ಲಿ 180 ಮೀಟರ್ ಹೋಗಿ ಎಂದು ಬರೆದಿತ್ತು.

ವಸೋನಾ ಉದ್ಯಾನದಲ್ಲಿ ಅಣೆಕಟ್ಟು ಕಟ್ಟಿ ತೊರೆಯನ್ನು ಒಂದು ಕೆರೆಯಾಗಿ ನಿಲ್ಲಿಸಿದ್ದಾರೆ. ಹುಲ್ಲುಹಾಸಿನ ತುಂಬ ಕೆನಡಾ ಹೆಬ್ಬಾತುಗಳು ಮೇಯುತ್ತಿದ್ದವು, ಮಕ್ಕಳ ಹುಟ್ಟುಹಬ್ಬಕ್ಕೆ ಬಂದವರು ಮರದಡಿಯ ಮೇಜುಗಳನ್ನು ಹಿಡಿದಿದ್ದರು. ಫೋನಿನ ಆ್ಯಪ್‌ನಲ್ಲಿ ದಿಕ್ಕು ಮತ್ತು ದೂರವನ್ನು ತುಂಬಿದ್ದರೆ ಮುಂದಿನ ಬಿಂದುವನ್ನು ಅದೇ ತೋರಿಸುತ್ತಿತ್ತು. ಆದರೆ ಶಿವಮೊಗ್ಗದಲ್ಲಿ ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಕಲಿತ ವಿದ್ಯೆಯನ್ನು ಬಿಡಬಾರದೆಂದು ನಾನು ಕೈದಿಕ್ಸೂಚಿಯನ್ನು ಸದಾ ಜೊತೆಗೆ ಒಯ್ಯುತ್ತೇನೆ. ದಿಕ್ಸೂಚಿಯನ್ನು 142ಕ್ಕೆ ತಿರುಗಿಸಿ, ಎದುರಿನ ಒಂದು ಸಿಕಮೋರ್ ಮರವನ್ನು ಗುರಿಯಾಗಿಟ್ಟುಕೊಂಡು, ಹೆಜ್ಜೆ ಎಣಿಸುತ್ತ ನಡೆದೆ.

ಆ ನಡಿಗೆ ನಮ್ಮನ್ನು ತೊರೆಯ ಏರಿಯ ಮೇಲಿನ ಒಂದು ಪೊದೆಯ ಮುಂದೆ ನಿಲ್ಲಿಸಿತು. ಮೂರು ಮೂರಾಗಿ ಜೋಡಿಸಿದ, ಎಳೆಗೆಂಪು ಬಣ್ಣದಲ್ಲಿ ಹೊಳೆಯುವ ಎಲೆಗಳು: ಪಾಯ್ಸನ್ ಓಕ್. ಹೆಸರಿನಲ್ಲಿ ಓಕ್ ಇದ್ದರೂ ಇದು ಓಕ್ ಅಲ್ಲ, ನಮ್ಮ ಗೇರು ಮತ್ತು ಮಾವಿನ ಕುಟುಂಬಕ್ಕೆ ಸೇರಿದ ಗಿಡ. ಗೇರಿನ ಸೊನೆ ತಗುಲಿ ಚರ್ಮ ಸುಟ್ಟುಕೊಂಡ ಮಲೆನಾಡಿನವರಿಗೆ ಇದರ ಸ್ವಭಾವವನ್ನು ಬೇರೆ ಹೇಳಬೇಕಾಗಿಲ್ಲ. ಎಲೆ ಉದುರಿದ ಚಳಿಗಾಲದಲ್ಲೂ ಇದರ ಬರಿಯ ಕಡ್ಡಿ ಸೋಕಿದರೆ ಸಾಕು, ಬೊಬ್ಬೆ ಏಳುತ್ತದೆ. ಆದ್ದರಿಂದ ತೊರೆದಂಡೆಯಲ್ಲಿ ಹುಡುಕುವಾಗ ತುಂಬುತೋಳಿನ ಅಂಗಿ ಹಾಕಿಕೊಂಡು, ಕೈ ಚಾಚುವ ಮೊದಲು ಒಂದು ಕೋಲಿನಿಂದ ಸೊಪ್ಪನ್ನು ಸರಿಸಿ ನೋಡುವುದು ನನ್ನ ರೂಢಿ.

ಇಪ್ಪತ್ತು ನಿಮಿಷ ಪೊದೆಯ ಸುತ್ತಲೂ ಹುಡುಕಿದೆ. ಆಗ ಪತ್ನಿ, "ಇಲ್ಲಿ ಯಾರೂ ಓಡಾಡಿದ ಗುರುತೇ ಇಲ್ಲವಲ್ಲ, ನೀವು ಲೆಕ್ಕವನ್ನು ಇನ್ನೊಮ್ಮೆ ನೋಡಿ" ಎಂದಳು. ಅವಳ ಮಾತು ಸರಿಯಾಗಿತ್ತು. ಹಲವರು ಹುಡುಕಿ ಹೋದ ಕ್ಯಾಶ್‌ನ ಸುತ್ತ ನೆಲ ತುಳಿದು ಗಟ್ಟಿಯಾಗಿರುತ್ತದೆ, ಹುಲ್ಲು ಬಾಗಿರುತ್ತದೆ. ಇಲ್ಲಿ ಹಾಗೇನೂ ಇರಲಿಲ್ಲ.

ತಪ್ಪು ಎಲ್ಲಿದೆ ಎಂದು ಕುಳಿತು ಯೋಚಿಸಿದಾಗ ತಿಳಿಯಿತು. ದಿಕ್ಸೂಚಿಯ ಮುಳ್ಳು ತೋರಿಸುವುದು ಭೂಮಿಯ ಕಾಂತೀಯ ಉತ್ತರವನ್ನು, ನಕ್ಷೆಯಲ್ಲಿರುವುದು ನಿಜವಾದ ಭೌಗೋಳಿಕ ಉತ್ತರ. ಇವೆರಡರ ನಡುವಿನ ಕೋನ ಊರಿಂದ ಊರಿಗೆ ಬೇರೆ. ಕರ್ನಾಟಕದಲ್ಲಿ ಅದು ಒಂದೆರಡು ಡಿಗ್ರಿಯನ್ನು ಮೀರುವುದಿಲ್ಲವಾದ್ದರಿಂದ ಎನ್‌ಸಿಸಿಯ ದಿನಗಳಲ್ಲಿ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ನೆನಪೇ ಇಲ್ಲ. ಆದರೆ ಸ್ಯಾನ್ ಹೋಸೆಯ ಸುತ್ತ ದಿಕ್ಸೂಚಿ ನಿಜವಾದ ಉತ್ತರದಿಂದ ಸುಮಾರು 13 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ನಕ್ಷೆಯ 142 ಡಿಗ್ರಿಗೆ ಹೋಗಬೇಕಾದರೆ ಇಲ್ಲಿನ ದಿಕ್ಸೂಚಿಯಲ್ಲಿ 129 ಓದಬೇಕು. ದಿಕ್ಸೂಚಿಯಲ್ಲಿ 142 ಇಟ್ಟು ನಾನು ನಡೆದದ್ದು ನಕ್ಷೆಯ 155ರ ಕಡೆಗೆ. 180 ಮೀಟರ್ ದೂರದಲ್ಲಿ 13 ಡಿಗ್ರಿ ಎಂದರೆ ಸುಮಾರು 41 ಮೀಟರ್ ಬಲಕ್ಕೆ ಸರಿದಂತೆ.

ಈ 41 ಮೀಟರ್ ತಪ್ಪು ಎನಿಸುವುದೇ ಇಂದಿನ ಜಿಪಿಎಸ್ ಅಷ್ಟು ನಿಖರವಾಗಿರುವುದರಿಂದ. 2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರವು ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ನೂರು ಮೀಟರ್‌ವರೆಗೆ ತಪ್ಪುವುದು ಆಗ ಸಾಮಾನ್ಯ. ಆ ತಡೆಯನ್ನು ತೆಗೆದ ಮರುದಿನವೇ, ಅಂದರೆ 2000ದ ಮೇ 3ರಂದು, ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಪ್ರಕಟಿಸಿದರು. ಈ ಹವ್ಯಾಸ ಹುಟ್ಟಿದ್ದು ಹಾಗೆ.

ಆರಂಭದ ಬಿಂದುವಿಗೆ ಹಿಂದಿರುಗಿ 129ಕ್ಕೆ ತಿರುಗಿಸಿ ಮತ್ತೆ ನಡೆದೆವು. ಈ ಸಲ ಪೊದೆಯಿಂದ ಸಾಕಷ್ಟು ದೂರದಲ್ಲಿ, ತುಳಿದು ಸವೆದ ನೆಲದ ಅಂಚಿನಲ್ಲಿ, ಮೂರನೆಯ ಹಂತದ ಪುಟ್ಟ ತಗಡಿನ ಬಿಲ್ಲೆ ಐದು ನಿಮಿಷಕ್ಕೆ ಕಣ್ಣಿಗೆ ಬಿತ್ತು.

ಆ ಬಿಲ್ಲೆ ನಮ್ಮನ್ನು ಕ್ಯಾಂಪ್‌ಬೆಲ್ ಕಡೆಗೆ, ತೊರೆಯ ಪಕ್ಕದ ಕೊಳಗಳ ಸಾಲಿಗೆ ಕಳುಹಿಸಿತು. ಇವು ಅಂದಕ್ಕೆ ಮಾಡಿದ ಕೊಳಗಳಲ್ಲ. ಕೋಲಾರ, ತುಮಕೂರಿನ ಕಡೆ ಜಿನುಗು ಕೆರೆ ಎಂದು ಕರೆಯುತ್ತೇವಲ್ಲ, ಅದೇ ಕೆಲಸ ಇವುಗಳದ್ದು: ತೊರೆಯ ನೀರನ್ನು ತಿರುಗಿಸಿ, ನಿಲ್ಲಿಸಿ, ನೆಲದೊಳಕ್ಕೆ ಇಳಿಸುವುದು. ಈ ಕಣಿವೆ ತೋಟಗಳ ನಾಡಾಗಿದ್ದಾಗ ಅಂತರ್ಜಲವನ್ನು ಎತ್ತಿದ್ದು ಎಷ್ಟೆಂದರೆ, ಇಪ್ಪತ್ತನೆಯ ಶತಮಾನದಲ್ಲಿ ಸ್ಯಾನ್ ಹೋಸೆಯ ನಡುಭಾಗದಲ್ಲಿ ನೆಲವೇ ಸುಮಾರು 13 ಅಡಿ ಕುಸಿಯಿತು. ಇಂಥ ಕೊಳಗಳೂ ಹೊರಗಿನಿಂದ ತರಿಸಿದ ನೀರೂ ಸೇರಿ ಆ ಕುಸಿತವನ್ನು ನಿಲ್ಲಿಸಿದವು. ಇಲ್ಲಿ ಕೆಲವು ವಸ್ತುಗಳನ್ನು ಎಣಿಸಿ ಕೊನೆಯ ಸೂತ್ರವನ್ನು ಬಿಡಿಸಬೇಕಿತ್ತು. ಎಣಿಕೆಯಲ್ಲಿ ಒಂದು ಸಂದೇಹ ಬಂದು ನಮಗೆ ಎರಡು ಉತ್ತರಗಳು ಸಿಕ್ಕವು.

ಆಗ ಕೆಲಸಕ್ಕೆ ಬಂದದ್ದು ದೂರದ ನಿಯಮ. ಎರಡು ಬೇರೆ ಬೇರೆ ಕ್ಯಾಶ್‌ಗಳ ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕು. ನಕ್ಷೆಯನ್ನು ತೆರೆದು ನೋಡಿದರೆ, ನಮ್ಮ ಉತ್ತರಗಳಲ್ಲಿ ಒಂದು ಈಗಾಗಲೇ ಇರುವ ಇನ್ನೊಂದು ಕ್ಯಾಶ್‌ನಿಂದ 60 ಮೀಟರ್‌ನಷ್ಟು ದೂರದಲ್ಲಿತ್ತು. ಅದನ್ನು ಬಿಟ್ಟು ಇನ್ನೊಂದರ ಕಡೆ ಹೋದೆವು.

ಕ್ಯಾಶ್ ಇಡಲು ನೆಲವನ್ನು ಅಗೆಯಬಾರದೆಂಬ ನಿಯಮವೂ ಇರುವುದರಿಂದ ಮಣ್ಣನ್ನು ಕೆದಕುವ ಅಗತ್ಯವಿರಲಿಲ್ಲ; ಸಹಜವಲ್ಲದ್ದು ಏನಿದೆ ಎಂದು ನೋಡಿದರೆ ಸಾಕು. ಒಂದೇ ಅಳತೆಯ ನಾಲ್ಕು ತೊಗಟೆಗಳು ಸಾಲಾಗಿ ಒರಗಿದ್ದವು, ಮರ ತಾನಾಗಿ ಹಾಗೆ ಉದುರಿಸುವುದಿಲ್ಲ. ಅವುಗಳ ಹಿಂದೆ ಪ್ಲಾಸ್ಟಿಕ್ ಡಬ್ಬಿ ಇತ್ತು.

ದಾರಿಯಲ್ಲಿ ಹೋಗುತ್ತಿದ್ದ ಸೈಕಲ್ ಸವಾರರು ಮರೆಯಾಗುವವರೆಗೆ ಕಾದು ಮುಚ್ಚಳ ತೆಗೆದೆವು. ಹಾಳೆಯಲ್ಲಿ ದಿನಾಂಕ ಹಾಕಿ ಇಬ್ಬರ ಹೆಸರನ್ನೂ ಕನ್ನಡದಲ್ಲಿ ಬರೆದೆ. ಒಳಗಿದ್ದ ಒಂದು ಪುಟ್ಟ ಮರದ ಹಕ್ಕಿಯನ್ನು ತೆಗೆದುಕೊಂಡು, ಅದಕ್ಕೆ ಬದಲಾಗಿ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯೊಂದನ್ನು ಇಟ್ಟೆವು. ತೆಗೆದುಕೊಂಡದ್ದಕ್ಕೆ ಸಮನಾದದ್ದನ್ನೋ ಮೇಲಾದದ್ದನ್ನೋ ಇಡಬೇಕೆಂಬುದು ಇಲ್ಲಿನ ವಾಡಿಕೆ. ರಬ್ಬರ್ ಅಂಚಿನಲ್ಲಿ ಮರಳು ಸಿಕ್ಕಿಕೊಂಡಿಲ್ಲವೆಂದು ನೋಡಿ, ನಾಲ್ಕು ಕಡೆಯೂ ಒತ್ತಿ ಮುಚ್ಚಿ, ತೊಗಟೆಗಳನ್ನು ಮೊದಲಿದ್ದ ಕ್ರಮದಲ್ಲೇ ಒರಗಿಸಿದೆವು. ಹಿಂದಿರುಗುವಾಗ ಎರಡನೆಯ ಹಂತದಲ್ಲಿ ನಿಂತು, ತೇವವಾಗಿದ್ದ ಸುರುಳಿಯ ಜೊತೆಗೆ ಅದೇ ಅಂಕೆಗಳನ್ನು ಬರೆದ ಒಣ ಕಾಗದವೊಂದನ್ನು ಸೇರಿಸಿ, ಆ ರಾತ್ರಿ ಕ್ಯಾಶ್ ಇಟ್ಟವರಿಗೆ ಹಾಗೆ ಮಾಡಿದ್ದೇವೆಂದು ತಿಳಿಸಿದೆ.