ಸರೋವರದ ಹೂಳಿನಲ್ಲಿ ಹಸಿರು ಪಾಚಿಯ ಅವಶೇಷ: ನಾನು ಎಣಿಸಿದ ಬಗೆ

ದಡದಿಂದ ಅತಿ ಆಳದ ಜಾಗದವರೆಗೆ ಒಂದೇ ಗೆರೆಯಲ್ಲಿ ಗ್ರಾವಿಟಿ ಕೋರರ್ (ತನ್ನ ಭಾರಕ್ಕೇ ಹೂಳಿಗೆ ಇಳಿಯುವ ಕೊಳವೆ) ಇಳಿಸಿ ಮಾದರಿ ತೆಗೆದೆ. ಕೊಳವೆಯಲ್ಲಿ ಹೂಳಿನ ಮೇಲೆ ನಿಂತ ನೀರು ತಿಳಿಯಾಗಿದ್ದರೆ ಮಾತ್ರ ಇಟ್ಟುಕೊಂಡೆ. ಕದಡಿದ್ದರೆ ಮೇಲ್ಪದರ ಕಲೆತುಹೋಗಿರುತ್ತದೆ; ಚೆಲ್ಲಿ ಮತ್ತೆ ಇಳಿಸಬೇಕು. ಮೇಲಿನ 1 ಸೆಂ.ಮೀ. ಪದರ ಕತ್ತರಿಸಿ, ಅದರಲ್ಲಿ 1 ಘನ ಸೆಂ.ಮೀ. ಅಳೆದುಕೊಂಡೆ.

ಎಲ್ಲಕ್ಕಿಂತ ಮೊದಲು ಲೈಕೋಪೋಡಿಯಂ ಎಂಬ ಹೂ ಬಿಡದ ಗಿಡದ ಬೀಜಕಗಳ ಮಾತ್ರೆ ಹಾಕಿ, 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದೆ. ಮಾತ್ರೆಯಲ್ಲಿ ಎಷ್ಟು ಬೀಜಕಗಳಿವೆ ಎಂಬುದು ಗೊತ್ತಿರುವುದರಿಂದ ಕೊನೆಗೆ ಲೆಕ್ಕ ಸುಲಭ: ಎಣಿಸಿದ ಪಾಚಿಯನ್ನು ಹಾಕಿದ ಬೀಜಕಗಳ ಸಂಖ್ಯೆಯಿಂದ ಗುಣಿಸಿ, ಎಣಿಸಿದ ಬೀಜಕ ಮತ್ತು ಹೂಳಿನ ಗಾತ್ರ ಎರಡರಿಂದಲೂ ಭಾಗಿಸುವುದು. ಆಮೇಲೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಬಿಸಿನೀರಿನ ತೊಟ್ಟಿಯಲ್ಲಿ 10 ನಿಮಿಷ ಇಟ್ಟೆ.

ಆಮೇಲೆ ಜರಡಿ ಹಿಡಿದೆ; ಕೈತಪ್ಪುವುದು ಹೆಚ್ಚಾಗಿ ಅಲ್ಲೇ. 180 ಮೈಕ್ರಾನ್ ಜರಡಿಯ ಮೇಲೆ ಪೀಡಿಯಾಸ್ಟ್ರಮ್ ಎಂಬ ಪಾಚಿಯ ದೊಡ್ಡ ಬಿಲ್ಲೆಗಳು (ಬಿಲ್ಲೆಯಾಕಾರದ ಕೋಶಗಳ ಗುಂಪು) ಉಳಿಯಬಹುದು, 10 ಮೈಕ್ರಾನ್ ಜರಡಿಯಿಂದ ಟೆಟ್ರಾಎಡ್ರಾನ್, ಸೀನೆಡೆಸ್ಮಸ್ ಎಂಬ ಪುಟ್ಟ ಪಾಚಿಗಳು ಸೋರಿಹೋಗಬಹುದು. ಹಾಗಾಗಿ ಎರಡೂ ಕಡೆಯ ಶೇಷದಿಂದ ಒಂದೊಂದು ಸ್ಲೈಡ್ ನೋಡದೆ ಏನನ್ನೂ ಚೆಲ್ಲಲಿಲ್ಲ. ಬೋಟ್ರಿಯೋಕಾಕಸ್‌ನದು ಬೇರೆಯೇ ತೊಡಕು. ಈ ಪಾಚಿಯ ಗುಂಪಿನಲ್ಲಿ ಎಣ್ಣೆ ತುಂಬಿರುವುದರಿಂದ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿಸಿ ಹೂಳನ್ನು ತಳಕ್ಕಿಳಿಸುವ ಯಂತ್ರ) ತಿರುಗಿಸಿದ ಮೇಲೂ ತೇಲಿಕೊಂಡಿದ್ದು, ಮೇಲಿನ ನೀರು ಬಗ್ಗಿಸುವಾಗ ಹೊರಟುಹೋಗುತ್ತದೆ. ಲೈಕೋಪೋಡಿಯಂ ಅದರ ಜೊತೆ ತೇಲುವುದಿಲ್ಲ, ಆದ್ದರಿಂದ ಆ ನಷ್ಟ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಅಸಿಟಾಲಿಸಿಸ್ (ಪ್ರಬಲ ಆಮ್ಲದಲ್ಲಿ ಬಿಸಿ ಮಾಡಿ ಸೆಲ್ಯುಲೋಸ್ ಕರಗಿಸುವುದು) ಮಾಡುವ ಮುನ್ನ ಮಾದರಿಯನ್ನು ಎರಡು ಪಾಲು ಮಾಡಿ, ಒಂದನ್ನು ಹಾಗೇ ಬಿಟ್ಟೆ. ಪೀಡಿಯಾಸ್ಟ್ರಮ್, ಬೋಟ್ರಿಯೋಕಾಕಸ್‌ಗಳ ಗೋಡೆಯಲ್ಲಿರುವ ಆಲ್ಜಿನಾನ್ ಎಂಬ ಗಟ್ಟಿ ವಸ್ತು ಆಮ್ಲವನ್ನು ತಾಳಿಕೊಳ್ಳುತ್ತದೆ. ಡೆಸ್ಮಿಡ್ ಎಂಬ ಸೂಕ್ಷ್ಮ ಹಸಿರು ಪಾಚಿಗಳ ಸೆಲ್ಯುಲೋಸ್ ಗೋಡೆ ತಾಳುವುದಿಲ್ಲ. ಆಮ್ಲ ಹಾಕಿದ ಪಾಲನ್ನಷ್ಟೇ ನೋಡಿ 'ಇಲ್ಲಿ ಡೆಸ್ಮಿಡ್ ಇರಲಿಲ್ಲ' ಎನ್ನುವುದು ತಪ್ಪು.

ಸ್ಲೈಡಿಗೆ ಗ್ಲಿಸರಿನ್ ಬಳಸಿದೆ. ಗಾಜನ್ನು ಮೆಲ್ಲಗೆ ಒತ್ತಿದರೆ ಬಿಲ್ಲೆ ಹೊರಳಿ, ಜಾತಿ ಗುರುತಿಸಲು ಬೇಕಾದ ಅಂಚಿನ ಕೊಂಬುಗಳು ಕಾಣುತ್ತವೆ. ಅರ್ಧಕ್ಕಿಂತ ಹೆಚ್ಚು ಉಳಿದ ಬಿಲ್ಲೆ ಒಂದು ಎಂದು ಲೆಕ್ಕ. ಚೂರುಗಳನ್ನು ಬೇರೆ ಬರೆದಿಟ್ಟೆ. ಚೂರುಗಳನ್ನೂ ಒಂದೊಂದಾಗಿ ಸೇರಿಸಿಬಿಟ್ಟರೆ ಅಲೆ ಬಡಿಯುವ ದಡದ ಎಣಿಕೆ ಸುಳ್ಳಾಗಿ ಏರುತ್ತದೆ.

ಆಳದಲ್ಲಿ ಹೆಚ್ಚು ಸಿಕ್ಕಿತೆಂದ ಮಾತ್ರಕ್ಕೆ ಅಲ್ಲೇ ಹೆಚ್ಚು ಬೆಳೆದಿತ್ತು ಎಂದಲ್ಲ. ಅಲೆಗಳು ಮೇಲೆಬ್ಬಿಸಿದ ನಯವಾದ ಹೂಳು ಪದೇಪದೇ ಸರಿದು ತಗ್ಗಿಗೆ ಸೇರುತ್ತದೆ, ಪೀಡಿಯಾಸ್ಟ್ರಮ್ ಕೂಡ ಅದರೊಂದಿಗೆ ಹೋಗುತ್ತದೆ. ತೇಲುವ ಬೋಟ್ರಿಯೋಕಾಕಸ್ ಅನ್ನು ಗಾಳಿ ತಾನು ಬೀಸುವ ದಿಕ್ಕಿನ ದಡಕ್ಕೆ ತಳ್ಳುತ್ತದೆ. ಬೆಳೆದ ಜಾಗದ ಬಗ್ಗೆ ನಾನು ಹೆಚ್ಚು ನಂಬುವುದು ಸ್ಪೈರೋಗೈರಾ, ಮೌಜಿಯೋಷಿಯಾ ಎಂಬ ನೂಲುಪಾಚಿಗಳ ಯುಗ್ಮಬೀಜಕಗಳನ್ನು (ಎರಡು ಕೋಶ ಕೂಡಿ ಆಗುವ ಬೀಜಕ). ಅವು ಆಳವಿಲ್ಲದ, ನಿಂತ ನೀರಿನ ಗುರುತು. ಅದೇ ಹೂಳಿನಲ್ಲಿ ಸಿಗುವ ಮರಗಿಡಗಳ ಪರಾಗದ ಶೇಕಡಾವಾರು ತೆಗೆಯುವಾಗ ಪಾಚಿಯನ್ನು ಪರಾಗದ ಮೊತ್ತದೊಳಗೆ ಸೇರಿಸಲಿಲ್ಲ. ಸೇರಿಸಿದರೆ ಪಾಚಿ ಏರಿದಲ್ಲೆಲ್ಲ ಮರಗಳು ಕಡಿಮೆಯಾದಂತೆ ಕಾಣುತ್ತದೆ.