ಎಲ್‌ಪಿಯ ಕೊನೆಯ ಹಾಡು ಒಡೆಯಬಾರದು: ರಾಕ್ ಆಲ್ಬಂಗಳಿಗೆ ಟರ್ನ್‌ಟೇಬಲ್ ಹೊಂದಿಸುವುದು ಹೇಗೆ

ಲೆಡ್ ಜೆಪಲಿನ್ ತಂಡದ ನಾಲ್ಕನೇ ಆಲ್ಬಂ ಬಂದದ್ದು 1971ರಲ್ಲಿ. ಅದರ ಮೊದಲ ಬದಿ ಮುಗಿಯುವುದು ‘ಸ್ಟೇರ್‌ವೇ ಟು ಹೆವನ್’ ಹಾಡಿನಿಂದ. ಎಂಟು ನಿಮಿಷದ ಈ ಹಾಡು ಗಿಟಾರ್‌ನ ಮೆಲ್ಲನೆಯ ಮೀಟಿನಿಂದ ಶುರುವಾಗಿ, ಅರ್ಧ ದಾಟಿದ ಮೇಲೆ ಡ್ರಮ್ಸ್ ಸೇರಿಸಿಕೊಂಡು, ಕೊನೆಗೆ ಗಾಯಕ ರಾಬರ್ಟ್ ಪ್ಲಾಂಟ್‌ನ ತಾರಸ್ಥಾಯಿಯಲ್ಲಿ ತುದಿ ಮುಟ್ಟುತ್ತದೆ. ತೊಡಕು ಇರುವುದೂ ಅಲ್ಲೇ. ಎಲ್‌ಪಿ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ (ಸದ್ದನ್ನು ಕೊರೆದ ಗೀರು) ಸೂಜಿಯ ಕೆಳಗೆ ಹಾದುಹೋಗುತ್ತದೆ, ಲೇಬಲ್ ಹತ್ತಿರ ಬಂದಾಗ ಬರೀ 21 ಸೆಂಟಿಮೀಟರ್. ಹೊರಗೆ ಧಾರಾಳವಾಗಿ ಹರಡಿಕೊಂಡಿದ್ದ ಸದ್ದು ಒಳಗೆ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕೂತಿರುತ್ತದೆ. ಸೂಜಿ ಕೂದಲೆಳೆಯಷ್ಟು ಓರೆಯಾಗಿದ್ದರೂ ‘ಸ’ಕಾರಗಳು ಕರಕರ ಅನ್ನುತ್ತವೆ, ಸಿಂಬಲ್ ಒಡೆದ ತಗಡಿನಂತೆ ಕೇಳಿಸುತ್ತದೆ.

ಆಗ ಹೆಚ್ಚಿನವರು ಆಂಪ್ಲಿಫೈಯರ್ ಬದಲಿಸಲು ಹೊರಡುತ್ತಾರೆ. ದಯವಿಟ್ಟು ತಡೆಯಿರಿ. ಮೊದಲು ಸೂಜಿಯ ತುದಿಯ ಕೆಲಸ ಮುಗಿಸಿ. ಅದಕ್ಕೆ ಬೇಕಾದದ್ದು ಒಂದು ಸಣ್ಣ ರಸಮಟ್ಟ, 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಕಾಗದದ ಮೇಲೆ ಪ್ರಿಂಟ್ ತೆಗೆದ ಪ್ರೊಟ್ರಾಕ್ಟರ್ (ಕೋನ ಹೊಂದಿಸುವ ನಕ್ಷೆ), ಮೊಬೈಲ್ ಟಾರ್ಚ್ ಮತ್ತು ಒಂದು ಗಂಟೆಯ ತಾಳ್ಮೆ.

ಜಾಗದಿಂದ ಶುರು ಮಾಡೋಣ. ನಮ್ಮ ಮನೆಗಳ ಗೋಡೆಯಲ್ಲಿ ಹೂತಿಟ್ಟ ಕಡಪ ಕಲ್ಲಿನ ಶೆಲ್ಫ್ ಇದೆಯಲ್ಲ, ಟರ್ನ್‌ಟೇಬಲ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಯಾರಾದರೂ ದಪದಪ ನಡೆದರೂ ಸೂಜಿ ಹಾರುವುದಿಲ್ಲ. ತಟ್ಟೆ ಕೂರುವ ಪ್ಲಾಟರ್ ಮೇಲೆ ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ಗುಳ್ಳೆ ನಡುವೆ ಬರುವವರೆಗೆ ಕಾಲುಗಳನ್ನು ತಿರುಗಿಸಿ. ಸ್ಪೀಕರ್‌ಗಳನ್ನು ಅದೇ ಶೆಲ್ಫ್ ಮೇಲೆ ಇಡಲೇಬೇಡಿ. ಬಾಸ್ ಗಿಟಾರಿನ ಅದುರು ಕಲ್ಲಿನ ಮೂಲಕ ಸೂಜಿಗೆ ಮರಳಿ, ದನಿ ಏರಿಸಿದಂತೆ ‘ಗೂಂ’ ಎಂದು ಮೊರೆಯಲು ಶುರುವಾಗುತ್ತದೆ.

ಈಗ ಸೂಜಿಯ ಭಾರ. ಆಂಟಿ-ಸ್ಕೇಟ್ (ಸೂಜಿ ಒಳಕ್ಕೆ ಜಾರದಂತೆ ತಡೆಯುವ ಹೊಂದಿಕೆ) ಸೊನ್ನೆಗೆ ಇಳಿಸಿ, ಸೂಜಿಯ ಮುಚ್ಚಳ ತೆಗೆದು, ಸೂಜಿ ಹೊತ್ತ ಆರ್ಮ್ ಹಿಂದಿನ ತೂಕದ ಗುಂಡನ್ನು ತಿರುಗಿಸುತ್ತಾ ಹೋಗಿ. ಆರ್ಮ್ ತಕ್ಕಡಿಯ ದಂಡದಂತೆ ಗಾಳಿಯಲ್ಲಿ ಮಟ್ಟಸವಾಗಿ ತೇಲಬೇಕು. ಆಗ ಅಂಕಿಗಳ ಬಳೆಯನ್ನು ಮಾತ್ರ ಸೊನ್ನೆಗೆ ತಂದು, ನಂತರ ಗುಂಡು ಮತ್ತು ಬಳೆ ಎರಡನ್ನೂ ಒಟ್ಟಿಗೆ ತಿರುಗಿಸಿ ಬೇಕಾದ ಭಾರಕ್ಕೆ ತನ್ನಿ. ಈ ಭಾರ ಕಾರ್ಟ್ರಿಜ್ (ಸೂಜಿ ಸಿಕ್ಕಿಸಿದ ಪುಟ್ಟ ಭಾಗ) ಯಾವುದೆಂಬುದರ ಮೇಲೆ ನಿಂತಿದೆ: ಆಡಿಯೋ-ಟೆಕ್ನಿಕಾ ವಿಎಂ95ಇಗೆ 2.0 ಗ್ರಾಂ, ಆರ್ಟೊಫಾನ್ 2ಎಂ ರೆಡ್‌ಗೆ 1.8 ಗ್ರಾಂ. ಬಳೆಯ ಅಂಕಿ ಎಷ್ಟೋ ಸಲ ಸರಿ ಇರುವುದಿಲ್ಲ, ಹಾಗಾಗಿ ತಕ್ಕಡಿಯ ಮೇಲೆ ಸೂಜಿ ಇಳಿಸಿ ಖಚಿತ ಮಾಡಿಕೊಳ್ಳಿ. ಭಾರ ಕಡಿಮೆ ಇದ್ದಷ್ಟೂ ತಟ್ಟೆ ಸವೆಯುವುದಿಲ್ಲ ಎಂಬ ನಂಬಿಕೆ ತಪ್ಪು. ಹಗುರವಾದ ಸೂಜಿ ಜೋರು ಡ್ರಮ್ ಪೆಟ್ಟಿಗೆ ಗ್ರೂವ್‌ನ ಗೋಡೆ ಬಿಟ್ಟು ಎದ್ದು ಮತ್ತೆ ಬಡಿಯುತ್ತದೆ. ತಟ್ಟೆ ಹಾಳಾಗುವುದು ಹೆಚ್ಚಾಗಿ ಹಾಗೇ.

ಆಂಟಿ-ಸ್ಕೇಟ್ ಅಂಕಿಯನ್ನು ಇದೇ ಭಾರಕ್ಕೆ ಸಮನಾಗಿ ಇಡಿ. ಆಮೇಲೆ ಹಾಡಿಗೆ ಕಿವಿ ಕೊಡಿ: ಕರಕರ ಬಲ ಸ್ಪೀಕರ್‌ನಲ್ಲಿ ಮೊದಲು ಕೇಳಿಸಿದರೆ ಸ್ವಲ್ಪ ಏರಿಸಿ, ಎಡದಲ್ಲಾದರೆ ಇಳಿಸಿ.

ಕಾರ್ಟ್ರಿಜ್‌ನ ಕೋನ ಹೊಂದಿಸುವುದೇ ಈ ಎಲ್ಲದರಲ್ಲಿ ನಾಜೂಕಿನ ಕೆಲಸ. ಬೇರ್‌ವಾಲ್ಡ್ ಎಂಬ ಲೆಕ್ಕದ ಪ್ರೊಟ್ರಾಕ್ಟರ್‌ನಲ್ಲಿ ಎರಡು ಬಿಂದುಗಳಿರುತ್ತವೆ, ನಡುಗಂಬದಿಂದ 66.0 ಮತ್ತು 120.9 ಮಿಲಿಮೀಟರ್ ದೂರದಲ್ಲಿ. ಪ್ರಿಂಟ್ ತೆಗೆಯುವಾಗ ಅಳತೆ 100% ಇರಲಿ. ಪುಟಕ್ಕೆ ಹೊಂದಿಸಿ ಪ್ರಿಂಟ್ ಮಾಡಿದರೆ ಚಿತ್ರ ಕುಗ್ಗಿ ಇಡೀ ಶ್ರಮ ವ್ಯರ್ಥ, ಆದ್ದರಿಂದ ಸ್ಕೇಲ್ ಇಟ್ಟು ಅಳೆದೇ ಮುಂದುವರಿಯಿರಿ. ಕಾರ್ಟ್ರಿಜ್ ಕೂರುವ ಹೆಡ್‌ಶೆಲ್‌ನ ಎರಡು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಸೂಜಿಯನ್ನು ಹೊರಗಿನ ಬಿಂದುವಿನ ಮೇಲೆ ಇಳಿಸಿ, ಟಾರ್ಚ್ ಹಾಕಿ ಎದುರಿನಿಂದ ಕಣ್ಣು ತಗ್ಗಿಸಿ ನೋಡಿ. ಕಾರ್ಟ್ರಿಜ್‌ನ ಪ್ಲಾಸ್ಟಿಕ್ ಮೈಯನ್ನು ನಂಬಬೇಡಿ, ಸೂಜಿ ಹೊತ್ತ ಸಣ್ಣ ಲೋಹದ ಕಡ್ಡಿ ಕಾಗದದ ಗೆರೆಗೆ ಸಮಾನಾಂತರ ಇರಬೇಕು. ಅಲ್ಲಿ ಕೂತ ಮೇಲೆ ಒಳಬಿಂದುವಿಗೆ ಬನ್ನಿ. ಒಂದರಲ್ಲಿ ಸರಿಹೋಗಿ ಇನ್ನೊಂದರಲ್ಲಿ ಓರೆ ಕಂಡರೆ ಕಾರ್ಟ್ರಿಜ್ ಮುಂದಕ್ಕೋ ಹಿಂದಕ್ಕೋ ಅರ್ಧ ಮಿಲಿಮೀಟರ್ ಸರಿಯಬೇಕು. ನಾಲ್ಕೈದು ಸಲ ಹಿಂದೆ ಮುಂದೆ ಆಗುವುದು ಸಹಜ. ಸ್ಕ್ರೂ ಬಿಗಿ ಮಾಡಿದ ಮೇಲೆ ಭಾರವನ್ನು ಮತ್ತೆ ಅಳೆಯಿರಿ, ಯಾಕೆಂದರೆ ಕಾರ್ಟ್ರಿಜ್ ಸರಿದಾಗ ಅದೂ ಬದಲಾಗಿರುತ್ತದೆ.

ಕಾರ್ಟ್ರಿಜ್ ಹಿಂದಿನ ವೈರ್‌ಗಳ ಬಣ್ಣ ತಪ್ಪಬಾರದು: ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಒಂದು ಕಡೆ ಮಾತ್ರ ಅದಲುಬದಲಾದರೆ ಬಾಸ್ ಮಾಯವಾಗುತ್ತದೆ, ಹಾಡುಗಾರ ಎಲ್ಲಿ ನಿಂತಿದ್ದಾನೆಂದು ತಿಳಿಯುವುದಿಲ್ಲ.

ತಟ್ಟೆ ಕೊರೆಯುವಾಗ ಬಾಸ್ ತಗ್ಗಿಸಿ, ಕೀಚು ದನಿಯನ್ನು ಏರಿಸಿ ಕೊರೆದಿರುತ್ತಾರೆ. ಅದನ್ನು ತಿರುಗುಮುರುಗು ಮಾಡಿ ಮೊದಲಿನ ಸ್ಥಿತಿಗೆ ತರುವುದು ಫೋನೋ ಪ್ರಿಆಂಪ್. ಟರ್ನ್‌ಟೇಬಲ್ ಹಿಂದೆ ಫೋನೋ/ಲೈನ್ ಸ್ವಿಚ್ ಇದ್ದರೆ, ಲೈನ್ ಇಟ್ಟಾಗ (ಆಗ ಟರ್ನ್‌ಟೇಬಲ್ ಒಳಗಿನ ಪ್ರಿಆಂಪ್ ಕೆಲಸ ಮಾಡುತ್ತದೆ) ಆಂಪ್‌ನ ಆಕ್ಸ್ ಎಂಬ ಸಾಮಾನ್ಯ ಕಿಂಡಿಗೆ, ಫೋನೋ ಇಟ್ಟಾಗ ಆಂಪ್‌ನ ಫೋನೋಗೆ ಸೇರಿಸಿ. ದನಿ ಕ್ಷೀಣವಾಗಿ, ಬಾಸ್ ಇಲ್ಲದೆ ಕೇಳಿಸಿದರೆ ಸದ್ದಿನ ದಾರಿಯಲ್ಲಿ ಪ್ರಿಆಂಪ್ ಎಲ್ಲೂ ಇಲ್ಲ. ಒಡೆದು, ಗುಮ್ಮೆಂದು ಕೇಳಿಸಿದರೆ ಎರಡು ಕಡೆ ಇದೆ. ಹಾಡಿಲ್ಲದಾಗಲೂ ಝೇಂಕರಿಸುತ್ತಿದ್ದರೆ ಟರ್ನ್‌ಟೇಬಲ್‌ನ ತೆಳು ಗ್ರೌಂಡ್ ವೈರನ್ನು ಪ್ರಿಆಂಪ್‌ನ ಗ್ರೌಂಡ್ ತಿರುಪಿಗೆ ಕಟ್ಟಿದ್ದೀರಾ ನೋಡಿ.

ಅಮೆರಿಕದಿಂದ ಹಳೆಯ ಟರ್ನ್‌ಟೇಬಲ್ ತರುವವರಿಗೆ ಒಂದು ಮಾತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆ, ಆದರೆ ನಮ್ಮ ಕರೆಂಟಿನ 50 ಹರ್ಟ್ಸನ್ನು ಅಲ್ಲಿನ 60 ಮಾಡುವುದಿಲ್ಲ. ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲೇ ತಿರುಗುವ ಎಸಿ ಸಿಂಕ್ರೊನಸ್ ಮೋಟಾರ್ ಇದ್ದರೆ ತಟ್ಟೆ ನಿಮಿಷಕ್ಕೆ 27.8 ಸುತ್ತು ತಿರುಗಿ, ಹಾಡು ಸುಮಾರು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಅದಕ್ಕೆ 50 ಹರ್ಟ್ಸ್‌ನ ಪುಲ್ಲಿಯೇ ಬೇಕು. ಡಿಸಿ ಮೋಟಾರ್ ಅಥವಾ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಆದರೆ ಈ ತಾಪತ್ರಯವಿಲ್ಲ, ವೋಲ್ಟೇಜ್ ನೋಡಿಕೊಂಡರೆ ಸಾಕು.

ತೊಳೆಯುವ ವಿಚಾರ. ಬೋರ್‌ವೆಲ್ ನೀರು ಬೇಡ. ಸ್ಟೀಲ್ ಪಾತ್ರೆಯ ಮೇಲೆ ಒಣಗಿ ಬಿಳಿ ಕಲೆ ಬಿಡುತ್ತದಲ್ಲ, ಗ್ರೂವ್‌ನಲ್ಲೂ ಅದೇ ಕೂರುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ ಹಾಕಿ, ಮೆತ್ತನೆಯ ಬ್ರಷ್‌ನಿಂದ ಗ್ರೂವ್ ಸುತ್ತುವ ದಿಕ್ಕಿನಲ್ಲೇ ಉಜ್ಜಿ, ಲೇಬಲ್ ನೆನೆಯದಂತೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಾಡಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹಿಡಿಯುವ ಬೂಷ್ಟಿಗೂ ಇದೇ ಮದ್ದು, ಆದರೆ ಹಳೆಯ ಕಾಗದದ ಒಳಚೀಲವನ್ನು ಎಸೆದುಬಿಡಿ. ತೊಳೆದ ತಟ್ಟೆಯನ್ನು ಮತ್ತೆ ಅದರೊಳಗೆ ಇಟ್ಟರೆ ಬೂಷ್ಟು ಮರಳುತ್ತದೆ.

ಕೋಲ್ಕತ್ತದ ಡಂ ಡಂ ಕಾರ್ಖಾನೆಯಲ್ಲಿ ಒತ್ತಿದ ಬೀಟಲ್ಸ್ ತಟ್ಟೆಗಳು ಇಲ್ಲಿ ಹಳೆಯ ಮನೆಗಳಲ್ಲಿ ಸಿಗುತ್ತವೆ. ಅವುಗಳಲ್ಲಿ 1960ರ ದಶಕದ 78 ಆರ್‌ಪಿಎಂ ಅರಗಿನ ತಟ್ಟೆ ಕೈಗೆ ಬಂದರೆ ಸ್ಪಿರಿಟ್ ಅಥವಾ ಆಲ್ಕೋಹಾಲ್ ಸೋಕಿಸಬೇಡಿ, ಅರಗು ಕರಗುತ್ತದೆ. ಎಲ್‌ಪಿ ಸೂಜಿಯನ್ನೂ ಅದರ ಮೇಲೆ ಇಳಿಸಬೇಡಿ. ಅದರ ಗ್ರೂವ್ ಅಗಲ, ಅದಕ್ಕೆ ಬೇರೆಯೇ ಸೂಜಿ ಬೇಕು.

ಆರ್ಮ್ ತಾನಾಗಿ ಏಳದ ಟರ್ನ್‌ಟೇಬಲ್ ಇದ್ದರೆ ಬದಿ ಮುಗಿಯುವ ಹೊತ್ತಿಗೆ ಹತ್ತಿರವಿರಿ. ಪಿಂಕ್ ಫ್ಲಾಯ್ಡ್‌ನ 1970ರ ‘ಆಟಂ ಹಾರ್ಟ್ ಮದರ್’ ಎಲ್‌ಪಿಯ ಎರಡನೇ ಬದಿ ಮುಗಿಯುವುದು ನಲ್ಲಿ ತೊಟ್ಟಿಕ್ಕುವ ಸದ್ದಿನಲ್ಲಿ, ಅದನ್ನು ಕೊನೆಯ ಮುಚ್ಚಿದ ಸುತ್ತಿನಲ್ಲೇ ಕೊರೆದಿದ್ದಾರೆ. ನೀವು ಆರ್ಮ್ ಎತ್ತುವವರೆಗೂ ಆ ನಲ್ಲಿ ಸೋರುತ್ತಲೇ ಇರುತ್ತದೆ, ಗಂಟೆಗೆ 2000 ಸುತ್ತಿನಂತೆ ಸೂಜಿಯೂ ಸವೆಯುತ್ತದೆ.

ವಿಎಂ95ಇ ಸೂಜಿಗೆ ತಯಾರಕರು ಹೇಳುವ ಆಯಸ್ಸು ಸುಮಾರು 300 ಗಂಟೆ. ದಿನಕ್ಕೆ 40 ನಿಮಿಷದ ಒಂದು ಆಲ್ಬಂ ಕೇಳಿದರೆ ಹದಿನೈದು ತಿಂಗಳು. ಕೋನ, ಭಾರ ಏನನ್ನೂ ಮುಟ್ಟದೆಯೂ, ತೊಳೆದ ತಟ್ಟೆಯಲ್ಲೂ, ಪ್ಲಾಂಟ್‌ನ ಆ ಕೊನೆಯ ಏರುದನಿ ಕರಕರ ಅನ್ನತೊಡಗಿದರೆ ಸೂಜಿಯ ಕಾಲ ಮುಗಿದಿದೆ. ಕಾರ್ಟ್ರಿಜ್ ಬಿಚ್ಚಬೇಕಿಲ್ಲ, ಸೂಜಿಯ ಭಾಗವನ್ನಷ್ಟೇ ಕೈಯಲ್ಲಿ ಹಿಡಿದು ಎಳೆದು, ಹೊಸದನ್ನು ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ.