ಮನೆಯ ಚಾರ್ಜು, ದೇವರಿಗೆ ರಿಪೋರ್ಟು

ಸೈನ್ಯದಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದರೆ ಹ್ಯಾಂಡಿಂಗ್-ಟೇಕಿಂಗ್ ಆಗಲೇಬೇಕು. ಏನಿದೆ, ಏನು ಕೆಟ್ಟಿದೆ, ಎಲ್ಲ ಎಣಿಸಿ ಲೆಡ್ಜರ್‌ಗೆ ಸಹಿ. ಹವಾಲ್ದಾರ್ ಆಗಿ ಪಿಂಚಣಿಗೆ ಬಂದ ಮೇಲೆ ಹೆಂಡತಿಗೂ ಅದನ್ನೇ ಕೇಳಿದೆ, ಮನೆಯ ಚಾರ್ಜ್ ಕೊಡು ಅಂತ. ಅವಳಿಗೆ ನಗು. ಆಮೇಲೆ ಬಟ್ಟೆ ಮಡಚುತ್ತಲೇ ಶುರು ಮಾಡಿದಳು. ಗ್ಯಾಸ್ ಯಾವಾಗ ಬುಕ್ ಮಾಡಬೇಕು, ಅಮ್ಮನ ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ, ಮಗಳ ಫೀಸು ಎಷ್ಟು ಕಂತು, ಯಾವ ನೆಂಟರ ಮದುವೆಗೆ ಎಷ್ಟು ಮುಯ್ಯಿ ಹಾಕಿದ್ದೇವೆ. ಒಂದೂ ಬರೆದಿಟ್ಟಿದ್ದಲ್ಲ, ಎಲ್ಲ ತಲೆಯಲ್ಲೇ. ಕೊನೆಗೆ ನನಗೆ ಬಿಟ್ಟುಕೊಟ್ಟಿದ್ದು ಎರಡೇ: ಗ್ಯಾಸು ಮತ್ತು ಅಮ್ಮನ ಆಸ್ಪತ್ರೆ. ಉಳಿದದ್ದಕ್ಕೆ "ಸದ್ಯಕ್ಕೆ ಬೇಡ" ಅಂದಳು. ಇಷ್ಟು ವರ್ಷ ಒಬ್ಬಳೇ ನಡೆಸಿದವಳು, ಯಾಕೆ ಕೊಡಬೇಕು ಹೇಳಿ?

ಆಸ್ಪತ್ರೆ ಅಂದರೆ ಇಸಿಎಚ್‌ಎಸ್ ಪಾಲಿಕ್ಲಿನಿಕ್. ಮಾಜಿ ಸೈನಿಕರಿಗಾಗಿ 2003ರಲ್ಲಿ ಶುರುವಾದ ಆರೋಗ್ಯ ಯೋಜನೆ, ಅವಲಂಬಿತ ತಂದೆ-ತಾಯಿಗೂ ಸಿಗುತ್ತದೆ. ಕಾರ್ಡು, ರೆಫರಲ್ ಚೀಟಿ, ಔಷಧಿ ಕೌಂಟರ್. ಸಾಲಲ್ಲಿ ನಿಲ್ಲೋದು ನನಗೆ ಹೊಸದಲ್ಲ. ಅಮ್ಮನ ಜೊತೆ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಅಲ್ಲಿನ ಬೆಂಚಿನ ಮೇಲೇ. ನಾನು ಸಿಯಾಚಿನ್‌ನಲ್ಲಿದ್ದಾಗ ಅಮ್ಮ ಸೋಮವಾರ ಒಪ್ಪೊತ್ತು ಹಿಡಿದಿದ್ದರಂತೆ. ಇನ್ನೂ ಬಿಟ್ಟಿಲ್ಲ. "ನಾನು ಬಂದಾಯ್ತಲ್ಲ, ಈಗ ಯಾಕೆ?" ಅಂದೆ. "ಬಿಡು ಅಂತ ಯಾರೂ ಹೇಳ್ಲಿಲ್ಲ" ಅಂದರು. ಡಾಕ್ಟರ್ ಮಾತ್ರ ಬಿಪಿ ಇರುವವರು ಉಪವಾಸ ಇರಬಾರದು ಅಂತ ಗದರುತ್ತಾರೆ. ಡಾಕ್ಟರಿಗೂ ದೇವರಿಗೂ ನಡುವೆ ನಾನು.

ನನ್ನ ಭಕ್ತಿ ಬೇರೆ ತರಹದ್ದು. ಯೂನಿಟ್‌ನಲ್ಲಿ ಭಾನುವಾರ ಮಂದಿರ್ ಪರೇಡ್ ಇರುತ್ತಿತ್ತು. ಪರೇಡ್ ಅಂದರೆ ಪರೇಡೇ, ಹಾಜರಿ ಇರುತ್ತದೆ. ಸರ್ವ ಧರ್ಮ ಸ್ಥಳದಲ್ಲಿ ಒಂದೇ ಸೂರಿನಡಿ ಎಲ್ಲ ದೇವರು. ಪಕ್ಕದವನು ಯಾರಿಗೆ ಕೈ ಮುಗಿಯುತ್ತಾನೆ ಅಂತ ತಲೆ ಕೆಡಿಸಿಕೊಂಡವರನ್ನು ನಾನು ನೋಡಿಲ್ಲ.

ಸಿಯಾಚಿನ್ ಬೇಸ್ ಕ್ಯಾಂಪ್‌ನಲ್ಲಿ ಓ.ಪಿ. ಬಾಬಾನ ಗುಡಿ ಇದೆ. ಬಾಬಾ ಅಂದರೆ 80ರ ದಶಕದಲ್ಲಿ ಒಂದು ಪೋಸ್ಟನ್ನು ಒಬ್ಬನೇ ಕಾದ ಓಂ ಪ್ರಕಾಶ್ ಎಂಬ ಸೈನಿಕ ಅಂತ ಎಲ್ಲರೂ ನಂಬುತ್ತಾರೆ. ಮೇಲೆ ಹೋಗುವ ಮುಂಚೆ ಬಾಬಾಗೆ ರಿಪೋರ್ಟ್ ಮಾಡಬೇಕು. ಇಳಿದು ಬಂದ ಮೇಲೂ ಮಾಡಬೇಕು. ಅಲ್ಲಿ ಏನೂ ಬೇಡೋದಿಲ್ಲ. ಸೆಲ್ಯೂಟ್ ಹೊಡೆದು, ಇಷ್ಟು ಜನ ಹೊರಟಿದ್ದೇವೆ ಅಂತ ಹೇಳೋದು, ಅಷ್ಟೇ. ಆಮೇಲೆ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೆಯೋದು. ಹಿಮದ ಬಿರುಕಿಗೆ ಒಬ್ಬ ಜಾರಿದರೆ ಉಳಿದವರು ಹಿಡಿಯಬೇಕಲ್ಲ. ನನಗೆ ಜಾಸ್ತಿ ನಂಬಿಕೆ ಇದ್ದದ್ದು ಆ ಹಗ್ಗದ ಮೇಲೆ. ಬಾಬಾಗೆ ಸೆಲ್ಯೂಟ್ ಹೊಡೆಯೋದನ್ನೂ ಬಿಟ್ಟವನಲ್ಲ.

2016ರ ಫೆಬ್ರುವರಿಯಲ್ಲಿ ಅಲ್ಲಿ ಹಿಮ ಕುಸಿದು ಹತ್ತು ಜನ ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತ ಸಿಕ್ಕರು. ದೇಶವೆಲ್ಲ ಪ್ರಾರ್ಥನೆ ಮಾಡಿತು. ಫೆಬ್ರುವರಿ 11ರಂದು ಅವರೂ ಹೋದರು. ಆವತ್ತು ಹೆಂಡತಿ ಕೇಳಿದ್ದಳು, ಹಾಗಾದರೆ ಆರು ದಿನ ಉಳಿಸಿದ್ದಾದರೂ ಯಾಕೆ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. "ಎಲ್ಲ ಅವನಿಚ್ಛೆ" ಅಂತ ತೇಲಿಸಿ ಮಾತಾಡೋದು ನನಗೆ ಆಗೋದಿಲ್ಲ.

ಹಾಗಾಗಿ ನಾನು ಬೇಡೋದನ್ನು ಬಿಟ್ಟು ರಿಪೋರ್ಟ್ ಇಟ್ಟುಕೊಂಡೆ. ಸಂಜೆ ಹೆಂಡತಿ ದೀಪ ಹಚ್ಚಿದ ಮೇಲೆ ನಿಂತು ಮನಸ್ಸಿನಲ್ಲೇ ಹೇಳುತ್ತೇನೆ: ಅಮ್ಮನ ಬಿಪಿ ಇಷ್ಟಿತ್ತು, ಮಗಳು ಮನೆ ಸೇರಿದ್ದಾಳೆ, ನವೆಂಬರ್ ಬಂತು, ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕು. ಜೊತೆಗಿದ್ದು ಹೋದವರ ಹೆಸರು ಹೇಳುತ್ತೇನೆ. ಎರಡು ನಿಮಿಷವೂ ಆಗೋದಿಲ್ಲ. ನಿದ್ದೆ ಬಾರದ ರಾತ್ರಿಗಳು ಇದರಿಂದ ಪೂರ್ತಿ ಹೋಗಿಲ್ಲ, ಕಡಿಮೆಯಾಗಿವೆ. ತೀರಾ ಜಾಸ್ತಿ ಕಾಡುವವರು ಡಾಕ್ಟರ ಹತ್ತಿರವೂ ಹೋಗಬೇಕು. ನಾಚಿಕೆ ಪಡೋದು ಬೇಡ.

ಮಗಳಿಗೆ ದೇವರಲ್ಲಿ ನಂಬಿಕೆ ಇಲ್ಲವಂತೆ. ನಾನು ವಾದ ಮಾಡಲಿಲ್ಲ. ಯೂನಿಟ್‌ನಲ್ಲೂ ಏನನ್ನು ನಂಬಬೇಕು ಅಂತ ಯಾರೂ ಆರ್ಡರ್ ಕೊಡುತ್ತಿರಲಿಲ್ಲ, ಹಾಜರಿ ಮಾತ್ರ ಕೇಳುತ್ತಿದ್ದರು. ದೀಪದ ಹೊತ್ತಿಗೆ ಹಾಲ್‌ನಲ್ಲಿರು ಸಾಕು ಅಂದಿದ್ದೇನೆ. ಬರುತ್ತಾಳೆ, ಮೊಬೈಲ್ ನೋಡುತ್ತಾ ಕೂರುತ್ತಾಳೆ. ಅಮ್ಮ ಗೊಣಗುತ್ತಾರೆ. ನನ್ನ ಲೆಕ್ಕದಲ್ಲಿ ಅವಳು ಹಾಜರ್.